ಆದಿಕಾಂಡ, ಡಾರ್ವಿನ್ ಮತ್ತು ನಮ್ಮ ನಂಬಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಜೀವವಿಕಾಸದ ಬಗ್ಗೆ ಒಂದು ಪ್ರಶ್ನೆಗೆ ಉತ್ತರಿಸಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಕ್ರೈಸ್ತ ಓದುಗರದ್ದೇ ಜಾಸ್ತಿ. ಕೆಲವರು ಕೋಪದಿಂದ ಬರೆದಿದ್ದಾರೆ, ಕೆಲವರು ನಿಜವಾದ ಕಳವಳದಿಂದ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ನಾನು ಕ್ರೈಸ್ತ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಜೀವವಿಕಾಸ ನಡೆದಿದೆ ಎಂದು ಒಪ್ಪುತ್ತೇನೆ, ಭಾನುವಾರ ಚರ್ಚಿನಲ್ಲಿ ನಮ್ಮ ನಂಬಿಕೆಯ ಸಾರ ಹೇಳುವ ವಿಶ್ವಾಸ ಪ್ರಮಾಣವನ್ನೂ ಮನಸ್ಸಿಟ್ಟು ಹೇಳುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ನನ್ನ ಉತ್ತರಗಳನ್ನು ಹೇಗೆ ತೂಗಿ ನೋಡಬೇಕು ಅನ್ನುವುದು ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಬಿ.ಎಸ್‌ಸಿ. ಓದುತ್ತಿದ್ದೇನೆ. ವಿಕಾಸವಾದ ಒಪ್ಪಿದರೆ ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಪುಟವನ್ನೇ ಹರಿದು ಹಾಕಿದ ಹಾಗೆ, ಆ ಪುಟ ಹೋದರೆ ಶಿಲುಬೆಗೂ ಅರ್ಥ ಇಲ್ಲ ಎನ್ನುತ್ತಾರೆ ನಮ್ಮ ಪಾಸ್ಟರ್. ತರಗತಿಯಲ್ಲಿ ಕಲಿತದ್ದು ನನಗೆ ಸರಿ ಅನಿಸುತ್ತದೆ. ನಾನು ಯಾವುದನ್ನು ಬಿಡಬೇಕು? – ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಎರಡನ್ನೂ ಬಿಡಬೇಕಾಗಿಲ್ಲ. ನಿಮ್ಮ ಪಾಸ್ಟರ್ ಸುಮ್ನೆ ಹೆದರಿಸಲು ಹೀಗೆ ಹೇಳಿದ್ದಾರೆ ಎಂದು ನನಗೆ ಅನಿಸುವುದಿಲ್ಲ. ಅವರ ಭಯಕ್ಕೆ ಒಂದು ಕಾರಣ ಇದೆ, ಅದಕ್ಕೆ ಮುಂದೆ ಬರುತ್ತೇನೆ. ದೇವರು ಆರು ದಿನಗಳಲ್ಲಿ ಎಲ್ಲವನ್ನೂ ಸೃಷ್ಟಿಸಿದ ಎಂದು ಆದಿಕಾಂಡ ಹೇಳುತ್ತದೆ. ಆದರೆ ಆರು ದಿನ ಎಂದರೆ 24 ಗಂಟೆಗಳ ಆರು ದಿನ, ಅದನ್ನು ನಂಬದವರು ಕ್ರೈಸ್ತರೇ ಅಲ್ಲ ಅನ್ನುವ ಷರತ್ತನ್ನು ಹಳೆಯ ಸಭೆ, ಅಂದರೆ ಚರ್ಚ್, ಯಾರಿಗೂ ಹಾಕಿರಲಿಲ್ಲ. ನೈಸಿಯದ ವಿಶ್ವಾಸ ಪ್ರಮಾಣ ತೆಗೆದು ನೋಡಿ. ದೇವರು ಭೂಮಿ ಆಕಾಶಗಳ ಸೃಷ್ಟಿಕರ್ತ ಎಂದಿದೆ. ಎಷ್ಟು ದಿನ, ಯಾವ ರೀತಿ ಎಂದು ಒಂದು ಸಾಲೂ ಇಲ್ಲ.

ಸೂರ್ಯನ ಸೃಷ್ಟಿ ಆದದ್ದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನಗಳಿಗೆ ಬೆಳಗು, ಸಂಜೆ ಎಲ್ಲಿಂದ ಬಂದವು? ಈ ಪ್ರಶ್ನೆಯನ್ನು 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಒರಿಜೆನ್ ಕೇಳಿದ್ದ. ಸೂರ್ಯ ಚಂದ್ರ ಇಲ್ಲದ ಮೂರು ದಿನಗಳನ್ನು ಬುದ್ಧಿ ಇರುವ ಯಾರು ತಾನೇ ಅಕ್ಷರಶಃ ತೆಗೆದುಕೊಳ್ಳುತ್ತಾರೆ ಎಂಬುದು ಅವನ ವಾದ. ಅವನ ಬೇರೆ ಕೆಲವು ವಿಚಾರಗಳನ್ನು ಸಭೆ ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ಸಂತ ಅಗಸ್ಟೀನ್‌ನನ್ನು ಯಾರೂ ಪಕ್ಕಕ್ಕೆ ಸರಿಸುವ ಹಾಗಿಲ್ಲ. ಅವನು ಆದಿಕಾಂಡದ ಮೊದಲ ಅಧ್ಯಾಯಗಳ ಮೇಲೆ ಮತ್ತೆ ಮತ್ತೆ ಬರೆದ. 5ನೇ ಶತಮಾನದ ಆರಂಭದಲ್ಲಿ ಬರೆದ ದೊಡ್ಡ ವ್ಯಾಖ್ಯಾನದಲ್ಲಿ, ದೇವರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಸೃಷ್ಟಿಸಿದ, ಕೆಲವನ್ನು ಬೀಜರೂಪದಲ್ಲಿಟ್ಟ, ಅವು ಕಾಲ ಬಂದಾಗ ಅರಳಿದವು ಎಂದ. ಅದೇ ಪುಸ್ತಕದಲ್ಲಿ ಒಂದು ಎಚ್ಚರಿಕೆಯೂ ಇದೆ. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಅನ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಕ್ರೈಸ್ತನೊಬ್ಬ ಬೈಬಲ್ ಹೆಸರು ಹೇಳಿ ತಪ್ಪು ತಪ್ಪು ಮಾತಾಡಿದರೆ, ಅದೇ ಬೈಬಲ್ ಪುನರುತ್ಥಾನದ ಬಗ್ಗೆ ಹೇಳುವುದನ್ನು ಅವರು ಹೇಗೆ ನಂಬಿಯಾರು ಎಂದು ಅವನು ಕೇಳುತ್ತಾನೆ. ನಿಮ್ಮ ಪಾಸ್ಟರ್ ಮತ್ತು ಅಗಸ್ಟೀನ್ ಇಬ್ಬರ ಚಿಂತೆಯೂ ಒಂದೇ, ಕೇಳುವವರ ನಂಬಿಕೆ ಉಳಿಯಬೇಕು ಅನ್ನುವುದು. ದಾರಿ ಮಾತ್ರ ತದ್ವಿರುದ್ಧ.

ಹಾಗಂತ ಅಗಸ್ಟೀನ್ ವಿಕಾಸವಾದಿ ಅಲ್ಲ. ಲೋಕಕ್ಕೆ ಆರು ಸಾವಿರ ವರ್ಷವೂ ತುಂಬಿಲ್ಲ ಎಂದೇ ಅವನು ತಿಳಿದಿದ್ದ. ಕೈಸರೈಯದ ಬೆಸಿಲ್ ತರಹ ದಿನಗಳನ್ನು ದಿನಗಳಾಗಿಯೇ ಓದಿದ ದೊಡ್ಡವರೂ ಇದ್ದರು. ಎರಡು ರೀತಿಯ ಓದೂ ಒಂದೇ ಸಭೆಯ ಒಳಗೆ ಇದ್ದವು, ಯಾರೂ ಯಾರನ್ನೂ ಈ ಕಾರಣಕ್ಕೆ ಹೊರಗೆ ಹಾಕಲಿಲ್ಲ. ನೀವು ಹಿಡಿದುಕೊಳ್ಳಬೇಕಾದ್ದು ಇದನ್ನು.

ಇನ್ನೊಂದು ಕೆಲಸ ಮಾಡಿ. ಆದಿಕಾಂಡ 1 ಮತ್ತು 2ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಮೊದಲನೆಯದರಲ್ಲಿ ಗಿಡಮರ, ಆಮೇಲೆ ಪ್ರಾಣಿ, ಕೊನೆಗೆ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ. ಎರಡನೆಯದರಲ್ಲಿ ಹೊಲದ ಗಿಡ ಇನ್ನೂ ಮೊಳೆಯುವ ಮೊದಲೇ ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ಇವೆರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಈ ವ್ಯತ್ಯಾಸ ಕಾಣಲಿಲ್ಲ ಅಂತೀರಾ? ಚೆನ್ನಾಗಿ ಕಂಡಿತ್ತು. ಕ್ರಮಪಟ್ಟಿ ಕೊಡುವುದು ಅವರ ಉದ್ದೇಶ ಆಗಿರಲಿಲ್ಲ ಎಂದೇ ನಾನು ಓದುತ್ತೇನೆ. ಮೊದಲ ಅಧ್ಯಾಯದ ಕಟ್ಟಡವೂ ಅದನ್ನೇ ಹೇಳುತ್ತದೆ. ಮೊದಲ ಮೂರು ದಿನ ಜಾಗ ಸಿದ್ಧವಾಗುತ್ತದೆ: ಬೆಳಕು, ಆಕಾಶ ಮತ್ತು ಸಮುದ್ರ, ಒಣನೆಲ. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ಆ ಜಾಗಗಳು ತುಂಬುತ್ತವೆ: ಸೂರ್ಯ ಚಂದ್ರ, ಹಕ್ಕಿ ಮೀನು, ಪ್ರಾಣಿ ಮತ್ತು ಮನುಷ್ಯ. ಸುತ್ತಲಿನ ಬಾಬಿಲೋನಿಯದವರು ಸೂರ್ಯ ಚಂದ್ರರನ್ನು ದೇವರೆಂದು ಪೂಜಿಸುತ್ತಿದ್ದ ಕಾಲದಲ್ಲಿ, ಅವು ನಮ್ಮ ದೇವರು ಹಚ್ಚಿಟ್ಟ ದೀಪಗಳು ಅಷ್ಟೇ ಎಂದು ಹೇಳುವ ಧೈರ್ಯ ಈ ಅಧ್ಯಾಯಕ್ಕಿದೆ. ಅದನ್ನು ಭೂಗರ್ಭಶಾಸ್ತ್ರದ ಪಾಠವಾಗಿ ಓದಿದರೆ ಆ ಧೈರ್ಯವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಡಾರ್ವಿನ್ ಪುಸ್ತಕ ಬಂದಾಗ ಸಭೆಗಳೆಲ್ಲ ಒಂದಾಗಿ ವಿರೋಧಿಸಿದವು, ಸೋತ ಮೇಲೆ ಈಗ ಹೊಂದಾಣಿಕೆ ಮಾಡಿಕೊಳ್ಳುತ್ತಿವೆ ಅಲ್ವಾ? – ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ವಿರೋಧ ಇತ್ತು, ಜೋರಾಗಿಯೇ ಇತ್ತು. ಆದರೆ ಎಲ್ಲರೂ ಒಂದಾಗಿ ಅನ್ನುವುದು ನಡೆದ ಸಂಗತಿಗೆ ಹೊಂದುವುದಿಲ್ಲ. ಜೀವಿಗಳ ಉಗಮದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬಂದದ್ದು 1859ರ ನವೆಂಬರ್. 1860ರ ಜೂನ್ 30ರಂದು ಆಕ್ಸ್‌ಫರ್ಡ್‌ನ ವಿಜ್ಞಾನಿಗಳ ಸಮ್ಮೇಳನದಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್ ಪರ ನಿಂತ ವಿಜ್ಞಾನಿ ಹಕ್ಸ್‌ಲೀ ನಡುವೆ ನಡೆದ ವಾಗ್ವಾದ ಎಲ್ಲರಿಗೂ ಗೊತ್ತು. ಮರುದಿನ ಅದೇ ಊರಿನಲ್ಲಿ, ಅದೇ ವಿಜ್ಞಾನಿಗಳ ಮುಂದೆ ಫ್ರೆಡರಿಕ್ ಟೆಂಪಲ್ ಎಂಬ ಪಾದ್ರಿ ಪ್ರಸಂಗ ಮಾಡಿ ವಿಜ್ಞಾನವನ್ನು ಸ್ವಾಗತಿಸಿದ್ದು ಯಾರಿಗೂ ನೆನಪಿಲ್ಲ. ಅವರು 1884ರಲ್ಲಿ ಆಕ್ಸ್‌ಫರ್ಡ್ ಉಪನ್ಯಾಸಗಳಲ್ಲಿ ವಿಕಾಸವನ್ನು ಬಹಿರಂಗವಾಗಿ ಒಪ್ಪಿದರು, 1896ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದರು. ಇಂಗ್ಲೆಂಡಿನ ಸಭೆಯ ಅತಿ ದೊಡ್ಡ ಪೀಠ ಅದು.

ಚಾರ್ಲ್ಸ್ ಕಿಂಗ್ಸ್‌ಲೀ ಎಂಬ ಇನ್ನೊಬ್ಬ ಪಾದ್ರಿ, ತಾನಾಗಿ ಬೆಳೆದು ಬದಲಾಗಬಲ್ಲ ಜೀವಿಗಳನ್ನು ಸೃಷ್ಟಿಸಿದ ದೇವರ ಕಲ್ಪನೆಯೂ ಅಷ್ಟೇ ಉದಾತ್ತವಾದದ್ದು ಎಂದು ಡಾರ್ವಿನ್‌ಗೆ ಪತ್ರ ಬರೆದರು. ಡಾರ್ವಿನ್ ಆ ಮಾತನ್ನು, ಹೆಸರು ಹೇಳದೆ, ಎರಡನೇ ಮುದ್ರಣಕ್ಕೆ ಸೇರಿಸಿಕೊಂಡ. ಅಮೆರಿಕದಲ್ಲಿ ಡಾರ್ವಿನ್‌ನ ಪರ ಎಲ್ಲರಿಗಿಂತ ಮೊದಲು ನಿಂತವನು ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ, ಭಕ್ತ ಪ್ರೆಸ್ಬಿಟೇರಿಯನ್ ಕ್ರೈಸ್ತ. ಪ್ರಿನ್ಸ್‌ಟನ್ನಿನ ದೈವಶಾಸ್ತ್ರಜ್ಞ ಚಾರ್ಲ್ಸ್ ಹಾಡ್ಜ್ 1874ರಲ್ಲಿ ಡಾರ್ವಿನ್‌ವಾದ ಎಂದರೆ ನಾಸ್ತಿಕತೆ ಎಂದು ಪುಸ್ತಕ ಬರೆದರು, ನಿಜ. ಆದರೆ ಅವರ ಸಿಟ್ಟು ಇದ್ದದ್ದು, ಈ ಲೋಕದ ಹಿಂದೆ ಯಾವ ಉದ್ದೇಶವೂ ಇಲ್ಲ ಅನ್ನುವ ಮಾತಿನ ಮೇಲೆ. ಅದೇ ಪ್ರಿನ್ಸ್‌ಟನ್ನಿನಲ್ಲಿ ಮುಂದೆ ಬಂದ ಬಿ.ಬಿ. ವಾರ್‌ಫೀಲ್ಡ್ ಬೈಬಲ್‌ನಲ್ಲಿ ಒಂದು ತಪ್ಪೂ ಇಲ್ಲ ಅನ್ನುವ ಸಿದ್ಧಾಂತವನ್ನು ಎಲ್ಲರಿಗಿಂತ ಗಟ್ಟಿಯಾಗಿ ಕಟ್ಟಿದವರು, ಅವರೇ ದೇವರ ಪಾಲನೆಯಡಿ ನಡೆಯುವ ವಿಕಾಸಕ್ಕೆ ಜಾಗ ಬಿಟ್ಟರು. ಇದನ್ನು ನಮ್ಮ ಬೈಬಲ್ ಕಾಲೇಜುಗಳಲ್ಲಿ ಒಂದು ಸಲವಾದರೂ ಹೇಳಬೇಕು.

ಪ್ರಶ್ನೆ: ಕೆಲಸಕ್ಕೆಂದು ಟೆಕ್ಸಾಸ್‌ಗೆ ಬಂದವರು ನಾವು. ಭೂಮಿಗೆ 6,000 ವರ್ಷ ಎಂದು ಇಲ್ಲಿನ ಸಭೆಯಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಊರಿನಲ್ಲಿ ನಮ್ಮ ಸಭೆಯಲ್ಲಿ ಇಷ್ಟು ಗಟ್ಟಿಯಾಗಿ ಯಾರೂ ಹೇಳಿದ್ದು ನೆನಪಿಲ್ಲ. ಅಮೆರಿಕದಲ್ಲಿ ಯಾಕೆ ಹೀಗೆ? – ಓದುಗರು, ಡಲ್ಲಾಸ್

ಉತ್ತರ: ಇದಕ್ಕೆ ಸ್ವಲ್ಪ ಉದ್ದದ ಕಥೆ ಹೇಳಬೇಕು.

6,000ದ ಲೆಕ್ಕ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಅವರಿಂದ ಪ್ರಸಿದ್ಧವಾಯಿತು. ಬೈಬಲ್‌ನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತೆಂದು 1650ರಲ್ಲಿ ಪ್ರಕಟಿಸಿದರು. ಮುಂದೆ ಆ ವರ್ಷ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಅಚ್ಚಾಗಿ, ಎಷ್ಟೋ ಜನ ಅದನ್ನೂ ದೇವರ ವಾಕ್ಯವೇ ಎಂದುಕೊಂಡರು. ಆದರೆ 19ನೇ ಶತಮಾನದ ಹೊತ್ತಿಗೆ, ಡಾರ್ವಿನ್‌ಗಿಂತ ಮೊದಲೇ, ಬಂಡೆಗಳನ್ನು ಓದಿದ ಪಾದ್ರಿಗಳೇ ಭೂಮಿ ತುಂಬಾ ಹಳೆಯದು ಎಂದು ಒಪ್ಪಿದ್ದರು. ಆಕ್ಸ್‌ಫರ್ಡ್‌ನ ಬಕ್‌ಲಂಡ್, ಕೇಂಬ್ರಿಡ್ಜ್‌ನ ಸೆಜ್‌ವಿಕ್ ಇಬ್ಬರೂ ಪಾದ್ರಿಗಳು, ಇಬ್ಬರೂ ಭೂವಿಜ್ಞಾನಿಗಳು. ಆದಿಕಾಂಡದ ಮೊದಲ ಎರಡು ವಚನಗಳ ನಡುವೆ ಲೆಕ್ಕವಿಲ್ಲದಷ್ಟು ಕಾಲ ಕಳೆದಿದೆ ಎಂದು ಕೆಲವರು ಹೇಳಿದರು, ಒಂದೊಂದು ದಿನವೂ ಒಂದೊಂದು ಯುಗ ಎಂದು ಬೇರೆಯವರು ಹೇಳಿದರು. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್, ಅಂದರೆ ಕಟ್ಟಾ ಸಂಪ್ರದಾಯಸ್ಥರ ಕೈಯಲ್ಲಿದ್ದ ಬೈಬಲ್, ಈ ಅಂತರದ ವಾದವನ್ನೇ ಟಿಪ್ಪಣಿಯಲ್ಲಿ ಕೊಟ್ಟಿತು.

ಆಮೇಲೆ 1925. ಟೆನೆಸಿ ರಾಜ್ಯ ಮನುಷ್ಯನ ವಿಕಾಸ ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತು. ಡೇಟನ್ ಎಂಬ ಸಣ್ಣ ಊರಿನ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಮೊಕದ್ದಮೆ ನಡೆಯಿತು, 100 ಡಾಲರ್ ದಂಡ ಬಿತ್ತು, 1927ರಲ್ಲಿ ತಾಂತ್ರಿಕ ಕಾರಣಕ್ಕೆ ಆ ತೀರ್ಪು ರದ್ದಾಯಿತು. ಸರ್ಕಾರದ ಪರ ವಾದಿಸಿದವರು ಮೂರು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ವಿಲಿಯಂ ಜೆನಿಂಗ್ಸ್ ಬ್ರಯಾನ್. ಅವರನ್ನು ಮೂಢ ಎಂದು ಚಿತ್ರಿಸುವುದು ವಾಡಿಕೆ. ನನಗೆ ಅದು ಅನ್ಯಾಯ ಅನಿಸುತ್ತದೆ. ಬಲವಿದ್ದವನೇ ಬದುಕಲಿ ಅನ್ನುವ ಮಾತು ಬಡವರನ್ನು ತುಳಿಯಲು, ಯುದ್ಧವನ್ನು ಹೊಗಳಲು ಬಳಕೆಯಾಗುತ್ತಿದೆ ಎಂಬ ನೋವು ಅವರಿಗಿತ್ತು. ಸ್ಕೋಪ್ಸ್ ಬಳಸಿದ ಪಠ್ಯಪುಸ್ತಕದಲ್ಲೇ 'ಕೀಳು' ಕುಟುಂಬಗಳು ಹೆಚ್ಚದಂತೆ ತಡೆಯಬೇಕೆಂಬ ಪಾಠ ಇತ್ತು. ಬ್ರಯಾನ್ ತಪ್ಪು ಔಷಧ ಹಿಡಿದರು, ರೋಗವನ್ನು ಮಾತ್ರ ಸರಿಯಾಗಿ ಗುರುತಿಸಿದ್ದರು. ಸೃಷ್ಟಿಯ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಅದೇ ಮೊಕದ್ದಮೆಯಲ್ಲಿ ಸಾಕ್ಷಿಯಾಗಿ ಕೂತ ಸ್ವತಃ ಬ್ರಯಾನ್ ಒಪ್ಪಿದರು!

ಹಾಗಾದರೆ 6,000 ವರ್ಷ ಮತ್ತೆ ಹೇಗೆ ಬಂತು? ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಜಾರ್ಜ್ ಮೆಕ್ರೆಡಿ ಪ್ರೈಸ್ ಎಂಬುವರು, ಭೂಮಿಯ ಪದರಗಳೆಲ್ಲ ನೋಹನ ಕಾಲದ ಜಲಪ್ರಳಯದಲ್ಲೇ ಆದವು ಎಂದು ಬರೆಯುತ್ತಿದ್ದರು. 1923ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಬೇರೆ ಸಭೆಗಳು ಅಷ್ಟು ಕಿವಿಗೊಡಲಿಲ್ಲ. 1961ರಲ್ಲಿ ವಿಟ್‌ಕಂ ಎಂಬ ದೈವಶಾಸ್ತ್ರ ಅಧ್ಯಾಪಕ ಮತ್ತು ಹೆನ್ರಿ ಮಾರಿಸ್ ಎಂಬ ಜಲ ಎಂಜಿನಿಯರ್ ಸೇರಿ ಅದೇ ವಾದವನ್ನು ಹೊಸದಾಗಿ ಬರೆದಾಗ ಅದು ಬೆಂಕಿಯ ಹಾಗೆ ಹಬ್ಬಿತು. ಸಮಯವೂ ಹಾಗಿತ್ತು. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ಹೆದರಿ ಶಾಲೆಯ ವಿಜ್ಞಾನ ಪಠ್ಯಗಳನ್ನು ಬದಲಿಸಿತು. ಮಾಯವಾಗಿದ್ದ ವಿಕಾಸ ಮತ್ತೆ ಪುಸ್ತಕಕ್ಕೆ ಬಂತು, ಊರೂರಿನ ತಂದೆತಾಯಿಗಳು ಗಾಬರಿಯಾದರು. ಆಮೇಲಿನದೆಲ್ಲ ಕೋರ್ಟಿನ ಕಥೆ. 1968ರಲ್ಲಿ ವಿಕಾಸ ಕಲಿಸಬಾರದೆಂಬ ಅರ್ಕಾನ್ಸಸ್ ರಾಜ್ಯದ ನಿಷೇಧ ಬಿದ್ದುಹೋಯಿತು, 1987ರಲ್ಲಿ ವಿಕಾಸದ ಜೊತೆ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಲೂಯಿಸಿಯಾನ ಕಾನೂನು ಬಿತ್ತು. ಈಗ ಕೆಂಟಕಿಯಲ್ಲಿ ಕೆನ್ ಹ್ಯಾಮ್ ಅವರ ಸಂಸ್ಥೆ 2007ರಲ್ಲಿ ತೆರೆದ ಸೃಷ್ಟಿ ಮ್ಯೂಸಿಯಂ ಇದೆ, 2016ರಲ್ಲಿ ಕಟ್ಟಿದ 510 ಅಡಿ ಉದ್ದದ ನೋಹನ ನಾವೆ ಇದೆ, ನಾವೆಯೊಳಗೆ ಡೈನೋಸಾರ್‌ಗಳ ಬೋನೂ ಇದೆ.

ಅಂದರೆ ನಿಮ್ಮ ಮಕ್ಕಳಿಗೆ ಈಗ ಹೇಳುತ್ತಿರುವ ಈ ರೂಪದ ವಾದ ಜನಪ್ರಿಯವಾಗಿ 65 ವರ್ಷಗಳಷ್ಟೇ ಆದದ್ದು. ಅದನ್ನು ಹೇಳುವವರು ಒಳ್ಳೆಯ ಜನ, ನಿಮ್ಮನ್ನು ಪರದೇಶದಲ್ಲಿ ಮನೆಯವರಂತೆ ನೋಡಿಕೊಂಡಿರಲೂಬಹುದು. ಸಭೆ ಬಿಡಿ ಎಂದು ನಾನು ಹೇಳಲಾರೆ. ಮನೆಯಲ್ಲಿ ಮಕ್ಕಳ ಜೊತೆ ಬೇರೆ ಓದನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಭೂಮಿಗೆ 454 ಕೋಟಿ ವರ್ಷ ಎನ್ನುತ್ತಾರೆ. ದೇವರು ಹಳೆಯದಾಗಿ ಕಾಣುವ ಹಾಗೆಯೇ ಹೊಸ ಭೂಮಿಯನ್ನು ಸೃಷ್ಟಿಸಿರಬಾರದೇಕೆ? – ಬೆಂಗಳೂರು

ಉತ್ತರ: ಇದನ್ನು 1857ರಲ್ಲಿ ಫಿಲಿಪ್ ಗಾಸ್ ಎಂಬ ಭಕ್ತ ನಿಸರ್ಗತಜ್ಞ ಹೇಳಿದ್ದ. ತಾಯಿಯಿಂದ ಹುಟ್ಟದ ಮೊದಲ ಮನುಷ್ಯ ಆದಾಮನಿಗೂ ಹೊಕ್ಕುಳು ಇದ್ದಂತೆ, ಆಗತಾನೇ ಸೃಷ್ಟಿಯಾದ ಮರಗಳಿಗೂ ಉಂಗುರ ಇದ್ದಂತೆ, ಬಂಡೆಗಳಿಗೂ ನಡೆಯದೇ ಇದ್ದ ಇತಿಹಾಸ ಇದೆ ಅಂತ. ಆಗಲೇ ಕಿಂಗ್ಸ್‌ಲೀ, ದೇವರು ಬಂಡೆಗಳ ಮೇಲೆ ಅಷ್ಟು ದೊಡ್ಡ ಸುಳ್ಳು ಬರೆದಿದ್ದಾನೆಂದು ನಾನು ನಂಬಲಾರೆ ಎಂದುಬಿಟ್ಟರು. ನನ್ನ ಉತ್ತರವೂ ಅದೇ. ನಿಮ್ಮ ಊರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಬರಿಗಣ್ಣಿಗೆ ಕಾಣುವ ಆಂಡ್ರೊಮಿಡಾದ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಗಿದೆ. ಅಂಟಾರ್ಕ್ಟಿಕದ ಮಂಜಿನಲ್ಲಿ 8 ಲಕ್ಷ ವರ್ಷಗಳ ಹಿಂದಿನ ಗಾಳಿಗುಳ್ಳೆಗಳು ಸಿಕ್ಕಿವೆ. ಇವೆಲ್ಲ ನಟನೆ ಎನ್ನುವುದಾದರೆ ಸತ್ಯವಂತನಾದ ದೇವರ ಬಗ್ಗೆ ನಾವು ಏನು ಹೇಳಿದ ಹಾಗಾಯಿತು?

ಪ್ರಶ್ನೆ: ಕಥೋಲಿಕ ಸಭೆಯ ಅಧಿಕೃತ ನಿಲುವು ಏನು? – ಶಿವಮೊಗ್ಗ

ಉತ್ತರ: ವಿಕಾಸವನ್ನು ಒಪ್ಪಬಹುದು. ಮನುಷ್ಯ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂದು ಸಂಶೋಧಿಸಲು ಅಡ್ಡಿಯಿಲ್ಲ, ಆತ್ಮ ಮಾತ್ರ ನೇರವಾಗಿ ದೇವರಿಂದಲೇ ಎಂದು ಪೋಪ್ 12ನೇ ಪಿಯುಸ್ 1950ರಲ್ಲಿ ಬರೆದರು. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ ಪೋಪ್ 2ನೇ ಜಾನ್ ಪಾಲ್ ಹೇಳಿದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದರು. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ಅಗಸ್ಟೀನಿಯನ್ ಸನ್ಯಾಸಿ, ಮಹಾಸ್ಫೋಟದ ಸಿದ್ಧಾಂತ ಕೊಟ್ಟ ಲಮೇತ್ರ್ ಬೆಲ್ಜಿಯಂನ ಪಾದ್ರಿ. ಆದರೂ 1950ರ ಪತ್ರದಲ್ಲಿ ಒಂದು ಗಂಟು ಹಾಗೇ ಉಳಿದಿದೆ. ಅದು ಮುಂದಿನ ಪ್ರಶ್ನೆ.

ಪ್ರಶ್ನೆ: ದಿನಗಳ ವಿಷಯ ಬಿಡಿ, ಅದು ನನಗೆ ದೊಡ್ಡದಲ್ಲ. ಆದಾಮ ನಿಜವಾಗಿ ಇದ್ದನೋ ಇಲ್ಲವೋ? ಅವನು ಇಲ್ಲದಿದ್ದರೆ ಪೌಲನ ಮಾತಿಗೆ ಏನು ಅರ್ಥ? – ದೈವಶಾಸ್ತ್ರ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಬಂದ ಪತ್ರಗಳಲ್ಲಿ ಸರಿಯಾದ ಜಾಗಕ್ಕೆ ಕೈ ಇಟ್ಟದ್ದು ನಿಮ್ಮದು. ಮೊದಲ ಪ್ರಶ್ನೆಯ ಪಾಸ್ಟರ್ ಅವರ ಭಯವೂ ಇದೇ. ದಿನಗಳ ಜಗಳ ಎಷ್ಟೇ ಸದ್ದು ಮಾಡಿದರೂ ಕ್ರೈಸ್ತ ನಂಬಿಕೆಯ ಬುಡಕ್ಕೆ ತಾಗುವುದಿಲ್ಲ. ಆದಾಮನ ಪ್ರಶ್ನೆ ತಾಗುತ್ತದೆ. ರೋಮನ್ನರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಮೊದಲ ಕಾಲದ ಕ್ರೈಸ್ತ ಗುರುವಾದ ಅಪೊಸ್ತಲ ಪೌಲ, ಒಬ್ಬ ಮನುಷ್ಯನಿಂದ ಪಾಪ ಬಂತು, ಒಬ್ಬ ಮನುಷ್ಯನಿಂದ ರಕ್ಷಣೆ ಬಂತು ಎಂದು ಆದಾಮನನ್ನೂ ಕ್ರಿಸ್ತನನ್ನೂ ಎದುರುಬದುರು ನಿಲ್ಲಿಸುತ್ತಾನೆ. 1 ಕೊರಿಂಥ 15ರಲ್ಲೂ ಅದೇ. ಲೂಕನ ವಂಶಾವಳಿ ಆದಾಮನವರೆಗೆ ಹೋಗುತ್ತದೆ.

ಇನ್ನೊಂದು ಕಡೆ ತಳಿವಿಜ್ಞಾನ ಇದೆ. ಚಿಂಪಾಂಜಿ, ಗೊರಿಲ್ಲಾದಂಥ ದೊಡ್ಡ ವಾನರಗಳಲ್ಲಿ 24 ಜೊತೆ ಕ್ರೋಮೋಸೋಮ್, ನಮ್ಮಲ್ಲಿ 23. ನಮ್ಮ 2ನೇ ಕ್ರೋಮೋಸೋಮ್ ಎರಡು ಹಳೆಯವು ತುದಿಗೆ ತುದಿ ಅಂಟಿ ಆದದ್ದು, ಅಂಟಿದ ಜಾಗದಲ್ಲಿ ತುದಿಯ ಗುರುತುಗಳು ಇನ್ನೂ ಇವೆ. ವಿಟಮಿನ್ ಸಿ ತಯಾರಿಸುವ ಜೀನ್ ನಮ್ಮಲ್ಲಿ ಕೆಟ್ಟು ಕೂತಿದೆ, ಚಿಂಪಾಂಜಿಗಳಲ್ಲೂ ಕೆಟ್ಟಿದೆ. ಇಂದಿನ ಮನುಷ್ಯರಲ್ಲಿರುವ ತಳಿ ವೈವಿಧ್ಯ ನೋಡಿದರೆ, ನಮ್ಮ ಪೂರ್ವಜರ ಗುಂಪು ಕಳೆದ ಕೆಲವು ಲಕ್ಷ ವರ್ಷಗಳಲ್ಲಿ ಬರೀ ಇಬ್ಬರಿಗೆ ಇಳಿದಿರಲಿಲ್ಲ, ಸಾವಿರಾರು ಜನ ಇದ್ದೇ ಇದ್ದರು ಅನಿಸುತ್ತದೆ. ಮನುಷ್ಯ ಜೀನೋಮ್ ಯೋಜನೆಯನ್ನು ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ಈ ಸಾಕ್ಷ್ಯಗಳನ್ನೇ ಕ್ರೈಸ್ತ ಓದುಗರ ಮುಂದಿಟ್ಟರು. ಅವರು ನಾಸ್ತಿಕರಾಗಿದ್ದು ವೈದ್ಯರಾದ ಕಾಲಕ್ಕೆ ವಿಶ್ವಾಸಿಯಾದವರು. ವಿಜ್ಞಾನ ಮತ್ತು ನಂಬಿಕೆಯನ್ನು ಒಟ್ಟಿಗೆ ಮಾತಾಡಿಸಲೆಂದು 2007ರಲ್ಲಿ ಬಯೋಲೋಗೋಸ್ ಎಂಬ ಸಂಸ್ಥೆ ಕಟ್ಟಿದರು. ಈ ಚರ್ಚೆಗೆ ಬೆಲೆಯೂ ತೆತ್ತವರಿದ್ದಾರೆ. ಹಳೆ ಒಡಂಬಡಿಕೆಯ ಹಿರಿಯ ವಿದ್ವಾಂಸ ಬ್ರೂಸ್ ವಾಲ್ಟ್‌ಕೀ 2010ರಲ್ಲಿ, ವಿಕಾಸವನ್ನು ನಿರಾಕರಿಸುತ್ತಾ ಹೋದರೆ ಸಭೆ ಲೋಕದಿಂದ ದೂರವಾದ ಒಂದು ಸಣ್ಣ ಪಂಥದ ಹಾಗಾಗುತ್ತದೆ ಎಂಬರ್ಥದ ಮಾತನ್ನು ವೀಡಿಯೋದಲ್ಲಿ ಹೇಳಿ, ತಮ್ಮ ಸೆಮಿನರಿಯ, ಅಂದರೆ ದೈವಶಾಸ್ತ್ರ ಕಾಲೇಜಿನ, ಹುದ್ದೆಗೆ ರಾಜೀನಾಮೆ ಕೊಡಬೇಕಾಯಿತು.

ಈಗ ಕ್ರೈಸ್ತ ವಿದ್ವಾಂಸರು ಏನು ಹೇಳುತ್ತಿದ್ದಾರೆ? ಪೀಟರ್ ಎನ್ಸ್ ಅಂಥವರು, ಪೌಲ ತನ್ನ ಕಾಲದ ಯೆಹೂದ್ಯನಾಗಿ ಆದಾಮನ ಕಥೆಯನ್ನು ತೆಗೆದುಕೊಂಡ, ಅವನ ಸಾಕ್ಷಿ ನಿಂತಿರುವುದು ಪುನರುತ್ಥಾನದ ಮೇಲೆ, ಆದಾಮ ಇತಿಹಾಸದ ವ್ಯಕ್ತಿ ಆಗಬೇಕಿಲ್ಲ ಎನ್ನುತ್ತಾರೆ. ವಿಲಿಯಂ ಲೇನ್ ಕ್ರೇಗ್ 2021ರಲ್ಲಿ, ಆದಾಮ ಹವ್ವ ಇದ್ದರು, ಆದರೆ ಏಳು ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ, ಹೋಮೊ ಹೈಡೆಲ್‌ಬರ್ಗೆನ್ಸಿಸ್ ಎಂಬ ಪುರಾತನ ಮನುಷ್ಯ ಜಾತಿಯ ಕಾಲದಲ್ಲಿ ಎಂದು ವಾದಿಸಿದರು. ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಜೋಶುವಾ ಸ್ವಾಮಿದಾಸ್ 2019ರಲ್ಲಿ ಇಟ್ಟ ವಾದ. ಹೆಸರೇ ಹೇಳುವ ಹಾಗೆ ಭಾರತೀಯ ಮೂಲದವರು, ಸೇಂಟ್ ಲೂಯಿಸ್‌ನಲ್ಲಿ ಜೀವವಿಜ್ಞಾನಿ. ಕೆಲವೇ ಸಾವಿರ ವರ್ಷಗಳ ಹಿಂದೆ ಮಧ್ಯಪ್ರಾಚ್ಯದಲ್ಲಿ ದೇವರು ವಿಶೇಷವಾಗಿ ಸೃಷ್ಟಿಸಿದ ಒಂದು ಜೋಡಿ ಇತ್ತು ಎಂದಿಟ್ಟುಕೊಳ್ಳಿ. ತೋಟದ ಹೊರಗೆ ವಿಕಾಸದಿಂದ ಬಂದ ಜನರೂ ಇದ್ದರು. ಆ ಜೋಡಿಯ ಮಕ್ಕಳು ಹೊರಗಿನವರನ್ನು ಮದುವೆಯಾದರು. ವಂಶವೃಕ್ಷದ ಲೆಕ್ಕ ಹಾಕಿದರೆ, ಕ್ರಿಸ್ತನ ಕಾಲದ ಹೊತ್ತಿಗೆ ಲೋಕದಲ್ಲಿದ್ದ ಪ್ರತಿಯೊಬ್ಬರಿಗೂ ಆ ಜೋಡಿ ಪೂರ್ವಜರಾಗಿರಲು ಸಾಧ್ಯ, ಜೊತೆಗೆ ಬೇರೆ ಪೂರ್ವಜರೂ ಇರುತ್ತಾರೆ. ತಳಿವಿಜ್ಞಾನ ಇದನ್ನು ಸುಳ್ಳು ಮಾಡಲಾರದು. ತಮ್ಮ ಹೇಬೆಲನನ್ನು ಕೊಂದ ಆದಾಮನ ಮಗ ಕಾಯಿನ, ಕಂಡವರು ತನ್ನನ್ನು ಕೊಲ್ಲುತ್ತಾರೆ ಎಂದು ಹೆದರುತ್ತಾನಲ್ಲ, ಆ ಕಂಡವರು ಯಾರು? ಅವನ ಹೆಂಡತಿ ಎಲ್ಲಿಂದ ಬಂದಳು, ಅವನು ಊರು ಕಟ್ಟಿದ್ದು ಯಾರಿಗೆ? ಸಂಡೇ ಸ್ಕೂಲ್‌ನಲ್ಲಿ ಮಕ್ಕಳು ಕೇಳಿ ಗದರಿಸಿಕೊಳ್ಳುವ ಈ ಪ್ರಶ್ನೆಗಳಿಗೆ ಇಲ್ಲಿ ಸಹಜವಾಗಿ ಉತ್ತರ ಸಿಗುತ್ತದೆ.

ನಾನು ಯಾವುದರ ಪರ? ಪಾಪ ಅನ್ನುವುದು ನಿಜ, ಅದು ಮನುಷ್ಯ ಕುಲದ ಆರಂಭದಿಂದಲೇ ಇದೆ, ಅದರಿಂದ ನಮ್ಮನ್ನು ನಾವೇ ಬಿಡಿಸಿಕೊಳ್ಳಲಾರೆವು, ಕ್ರಿಸ್ತ ಬಿಡಿಸುತ್ತಾನೆ. ಇಷ್ಟನ್ನು ಗಟ್ಟಿಯಾಗಿ ಹಿಡಿಯುತ್ತೇನೆ. ಆದಾಮ ಒಬ್ಬನೇ ವ್ಯಕ್ತಿಯೋ, ಮೊದಲ ಜನರ ಪ್ರತಿನಿಧಿಯೋ ಅನ್ನುವುದನ್ನು ಸಡಿಲವಾಗಿ ಹಿಡಿಯುತ್ತೇನೆ. ನೀವು ದೈವಶಾಸ್ತ್ರ ಓದುತ್ತಿರುವವರು, ಈ ವಾದಗಳನ್ನು ಮೂಲದಲ್ಲೇ ಓದಿ ನಿಮ್ಮದೇ ತೀರ್ಮಾನಕ್ಕೆ ಬನ್ನಿ. ಇದರಲ್ಲಿ ಯಾವುದನ್ನು ಆರಿಸಿದರೂ ನೀವು ಕ್ರೈಸ್ತರೇ.

ಪ್ರಶ್ನೆ: ಪಾಪದ ಫಲ ಮರಣ ಎಂದು ಬೈಬಲ್ ಹೇಳುತ್ತದೆ. ಮನುಷ್ಯನಿಗಿಂತ ಕೋಟಿ ಕೋಟಿ ವರ್ಷ ಮೊದಲೇ ಪ್ರಾಣಿಗಳು ಸತ್ತಿದ್ದರೆ ಈ ಮಾತು ಸುಳ್ಳಾಗುವುದಿಲ್ಲವೇ? ಅಷ್ಟು ನೋವನ್ನು ಒಳ್ಳೆಯ ದೇವರು ಯಾಕೆ ಬಿಟ್ಟ? – ಹಾಸನ

ಉತ್ತರ: ಎರಡು ಪ್ರಶ್ನೆ ಇವೆ. ಮೊದಲನೆಯದು ಸುಲಭ. ಪೌಲ ಮಾತಾಡುತ್ತಿರುವುದು ಮನುಷ್ಯರ ಮರಣದ ಬಗ್ಗೆ. ಹಣ್ಣು ತಿಂದ ದಿನವೇ ಸಾಯುವೆ ಎಂದು ಆದಿಕಾಂಡ 2 ಹೇಳುತ್ತದೆ, ಆದರೆ ಆದಾಮ 930 ವರ್ಷ ಬದುಕಿದ ಎಂದು 5ನೇ ಅಧ್ಯಾಯ ಹೇಳುತ್ತದೆ. ಅಂದರೆ ಆ ದಿನ ಸತ್ತದ್ದು ದೇವರ ಜೊತೆಗಿನ ಸಂಬಂಧ. ಪ್ರಾಣಿಗಳ ವಿಷಯಕ್ಕೆ 104ನೇ ಕೀರ್ತನೆ ಓದಿ. ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸಿ ದೇವರಿಂದ ಆಹಾರ ಕೇಳುತ್ತವೆ ಎಂದಿದೆ. ಅಲ್ಲಿ ಬೇಟೆಯನ್ನು ಶಾಪ ಎಂದು ಕರೆದಿಲ್ಲ, ದೇವರನ್ನು ಹೊಗಳುವ ಹಾಡಿನೊಳಗೇ ಅದು ಬಂದಿದೆ.

ಎರಡನೆಯದು ಸುಲಭ ಅಲ್ಲ, ಸುಲಭ ಮಾಡಿ ಹೇಳುವವರನ್ನು ನಾನು ನಂಬುವುದಿಲ್ಲ. ಡಾರ್ವಿನ್ 1860ರ ಮೇ ತಿಂಗಳಲ್ಲಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಇದೇ ನೋವು ಇದೆ. ಜೀವಂತ ಕಂಬಳಿಹುಳುವಿನ ದೇಹದೊಳಗೆ ಮೇಯುವ ಕಣಜದ ಮರಿಗಳನ್ನು ಕರುಣಾಳು ದೇವರು ಬೇಕೆಂದೇ ಸೃಷ್ಟಿಸಿದ ಎಂದು ತನ್ನನ್ನು ತಾನು ನಂಬಿಸಲಾರೆ ಎಂದ. 1851ರಲ್ಲಿ ಹತ್ತು ವರ್ಷದ ಮಗಳು ಆನಿಯನ್ನು ಕಳೆದುಕೊಂಡ ತಂದೆ ಅವನು. ಅವನನ್ನು ದೇವರ ಶತ್ರು ಎಂದು ಬೈಯುವ ಪ್ರಸಂಗ ಕೇಳಿದಾಗಲೆಲ್ಲ ನನಗೆ ಆ ಮಗು ನೆನಪಾಗುತ್ತದೆ. ಈ ನೋವಿನ ಪ್ರಶ್ನೆ ಭೂಮಿಗೆ 6,000 ವರ್ಷ ಎಂದ ಮಾತ್ರಕ್ಕೆ ಕರಗುವುದಿಲ್ಲ. ಕಣಜ ಆಗಲೂ ಇರುತ್ತದೆ, ಆನಿ ಆಗಲೂ ಸಾಯುತ್ತಾಳೆ. ಇಡೀ ಸೃಷ್ಟಿ ಹೆರಿಗೆಯ ನೋವಿನಲ್ಲಿ ನರಳುತ್ತಿದೆ ಎಂದು ಪೌಲ ರೋಮನ್ನರಿಗೆ ಬರೆದ 8ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಆ ನರಳಾಟದ ಒಳಗೆ ಇಳಿದು ಶಿಲುಬೆಯ ಮೇಲೆ ಸತ್ತ ದೇವರನ್ನು ನಾನು ನಂಬುತ್ತೇನೆ. ಯಾಕೆ ಹೀಗೆ ಅನ್ನುವ ಪ್ರಶ್ನೆ ಅದರಿಂದ ಮುಗಿಯಲಿಲ್ಲ. ಒಬ್ಬನೇ ಕೂತು ಕೇಳಬೇಕಾಗಿಲ್ಲ ಅನ್ನುವ ಸಮಾಧಾನ ಮಾತ್ರ ಇದೆ.

ಪ್ರಶ್ನೆ: 'ಬುದ್ಧಿವಂತ ವಿನ್ಯಾಸ' ವಾದವನ್ನು ಶಾಲೆಯಲ್ಲಿ ಕಲಿಸಿದರೆ ಎರಡೂ ಕಡೆಯವರಿಗೆ ಸಮಾಧಾನ ಆಗುವುದಿಲ್ಲವೇ? – ಬಳ್ಳಾರಿ

ಉತ್ತರ: ಜೀವಿಗಳು ಎಷ್ಟು ಜಟಿಲ ಎಂದರೆ ಅವುಗಳ ಹಿಂದೆ ವಿನ್ಯಾಸ ಮಾಡಿದ ಒಂದು ಬುದ್ಧಿ ಇರಲೇಬೇಕು ಅನ್ನುವುದು ಈ ವಾದ. ಅಮೆರಿಕದ ಪೆನ್ಸಿಲ್ವೇನಿಯದ ಡೋವರ್‌ನಲ್ಲಿ ಹಾಗೆ ಮಾಡಲು ಹೋದರು. 2005ರಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ ಅದು ವಿಜ್ಞಾನ ಅಲ್ಲ ಎಂದು ತೀರ್ಪು ಕೊಟ್ಟರು. ಅವರನ್ನು ನೇಮಿಸಿದ್ದು ಜಾರ್ಜ್ ಡಬ್ಲ್ಯೂ. ಬುಷ್. ವಾದದ ವಿರುದ್ಧ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕಥೋಲಿಕರು, ಪರವಾಗಿ ಹೇಳಿದ ಮೈಕೇಲ್ ಬೀಹಿ ಕೂಡ ಕಥೋಲಿಕರೇ. ಜೀವಿಗಳೆಲ್ಲ ಒಂದೇ ಮೂಲದಿಂದ ಬಂದವು ಎಂದು ಬೀಹಿ ಕೂಡ ಒಪ್ಪುತ್ತಾರೆ, ಇದು ಬಹಳ ಜನರಿಗೆ ಗೊತ್ತಿಲ್ಲ. ನನ್ನ ತಕರಾರು ದೈವಶಾಸ್ತ್ರದ್ದು. ವಿಜ್ಞಾನ ವಿವರಿಸಲಾಗದ ಸಂದುಗಳಲ್ಲಿ ಮಾತ್ರ ದೇವರನ್ನು ಹುಡುಕಿದರೆ, ಸಂದು ಮುಚ್ಚಿದ ದಿನ ದೇವರಿಗೂ ಜಾಗ ಇಲ್ಲದಾಗುತ್ತದೆ.

ಪ್ರಶ್ನೆ: ನಾನು ಸಂಡೇ ಸ್ಕೂಲ್ ಶಿಕ್ಷಕಿ. ಡೈನೋಸಾರ್ ಬೈಬಲ್‌ನಲ್ಲಿ ಎಲ್ಲಿದೆ ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ? – ಉಡುಪಿ

ಉತ್ತರ: ಇಲ್ಲ ಎಂದು ಹೇಳಿ. ಪೆಂಗ್ವಿನ್ ಕೂಡ ಇಲ್ಲ, ಕಾಂಗರೂ ಕೂಡ ಇಲ್ಲ. ಅವೆಲ್ಲವನ್ನೂ ದೇವರೇ ಉಂಟುಮಾಡಿದ್ದು, ಡೈನೋಸಾರ್‌ಗಳು ಮನುಷ್ಯರು ಬರುವುದಕ್ಕೆ ತುಂಬಾ ತುಂಬಾ ಮೊದಲು ಬದುಕಿದ್ದವು, ದೊಡ್ಡ ಡೈನೋಸಾರ್‌ಗಳು ಇಲ್ಲವಾಗಿ 6.6 ಕೋಟಿ ವರ್ಷ ಆಯಿತು ಎಂದು ಹೇಳಿದರೆ ಚಿಕ್ಕ ಮಕ್ಕಳಿಗೆ ಸಾಕು. ದೊಡ್ಡ ಮಕ್ಕಳಿಗೆ ಆದಿಕಾಂಡದ ಎರಡು ಅಧ್ಯಾಯಗಳನ್ನು ಕೊಟ್ಟು, ಯಾವುದು ಮೊದಲು ಬಂತು ಯಾವುದು ಆಮೇಲೆ ಎಂದು ಅವರೇ ಬರೆಯಲಿ. ವ್ಯತ್ಯಾಸವನ್ನು ನೀವು ತೋರಿಸಬೇಡಿ, ಅವರೇ ಕಂಡುಹಿಡಿಯುತ್ತಾರೆ, ಆಗ ಮಾತು ತಾನಾಗಿ ಶುರುವಾಗುತ್ತದೆ. ಶಾಲೆಯ ವಿಜ್ಞಾನ ಪಾಠ ಸುಳ್ಳು ಎಂದು ಮಾತ್ರ ಯಾವತ್ತೂ ಹೇಳಬೇಡಿ. ಕಾಲೇಜಿಗೆ ಹೋದ ಮೇಲೆ ಆ ಮಾತು ನೆನಪಾಗಿ ಬೈಬಲ್ ಮುಚ್ಚಿಟ್ಟ ಹುಡುಗ ಹುಡುಗಿಯರನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಮತ್ತೆ, ಈ ಪಾಠ ಮಾಡುವ ಮೊದಲು ನಿಮ್ಮ ಪಾಸ್ಟರ್ ಜೊತೆ ಕೂತು ಮಾತಾಡಿ. ಮಕ್ಕಳ ಬಾಯಿಂದ ಅವರಿಗೆ ಮೊದಲು ಗೊತ್ತಾಗುವುದು ಬೇಡ.